ಬಂಡೆಯ ಮೇಲಿನ ಲೋಳೆಮುದ್ದೆ

ಮಳೆ ಬಿಟ್ಟ ಬೆಳಿಗ್ಗೆ ಗುಡ್ಡದ ಬಂಡೆಯ ಮೇಲೆ ಹಸಿರು ಲೋಳೆಮುದ್ದೆಯೊಂದು ಕಾಣಿಸಿಕೊಂಡಿತು. ಹಿಂದಿನ ದಿನ ಅಲ್ಲಿ ಏನೂ ಇರಲಿಲ್ಲ. ಹಸಿದ ಕಾಗೆಯೊಂದು ಬಂದು ಅದನ್ನು ಸುತ್ತಿ ಸುತ್ತಿ ನೋಡಿತು.

“ನೀನು ಯಾರು? ತಿನ್ನುವ ವಸ್ತುವೋ, ಅಲ್ಲವೋ?”

“ನನಗೆ ಗೊತ್ತಿಲ್ಲ,” ಎಂದಿತು ಲೋಳೆಮುದ್ದೆ. “ಎಚ್ಚರವಾದಾಗ ಇಲ್ಲಿದ್ದೆ.”

ಬಂಡೆಯ ಬಿರುಕಿನಲ್ಲಿ ಅಡಗಿದ್ದ ಬಸವನಹುಳು, ಕಾಗೆ ಅಲ್ಲಿಂದ ತೊಲಗಿದರೆ ಸಾಕೆಂದು, “ಅದು ಆಕಾಶದಿಂದ ಬಿದ್ದದ್ದು, ಮುಟ್ಟಬೇಡಿ,” ಎಂದಿತು.

ಕಾಗೆ ಅನುಮಾನದಿಂದ, ಪಕ್ಕದಲ್ಲೇ ಬಿಸಿಲು ಕಾಯಿಸುತ್ತಿದ್ದ ಓತಿಕ್ಯಾತದ ಕಡೆ ತಿರುಗಿತು. ದೊಡ್ಡವರು ಏನು ಕೇಳಿದರೂ ಹೌದೆಂದು ಗೋಣು ಆಡಿಸುವುದು ಓತಿಕ್ಯಾತದ ಅಭ್ಯಾಸ. ಇಷ್ಟು ಕಾಲ ಬದುಕಿದ್ದೇ ಅದರಿಂದ ಎಂದು ಅದರ ನಂಬಿಕೆ.

“ಓತಿಕ್ಯಾತರೇ, ಇದು ಆಕಾಶದಿಂದ ಬಿದ್ದದ್ದನ್ನು ಕಂಡಿರಾ?”

ಓತಿಕ್ಯಾತ ಗೋಣು ಆಡಿಸಿತು.

“ನೆಲದಿಂದ ಎದ್ದದ್ದೂ ಇರಬಹುದೇ?”

ಅದಕ್ಕೂ ಆಡಿಸಿತು.

“ಹಾಗಾದರೆ ತಿನ್ನಬಹುದೇ?”

ಆಡಿಸಿತು.

“ತಿಂದರೆ ಸಾಯುತ್ತೇನೆಯೇ?”

ಅದಕ್ಕೂ ಅದೇ ಗೋಣು.

ಕಾಗೆಗೆ ತಲೆ ಕೆಟ್ಟುಹೋಯಿತು. ಮುದ್ದೆಯನ್ನು ನೋಡಿತು, ಆಕಾಶವನ್ನು ನೋಡಿತು, ಮತ್ತೆ ಓತಿಕ್ಯಾತವನ್ನು ನೋಡಿತು. ಹಸಿವು ಮಾತ್ರ ಹಾಗೇ ಇತ್ತು.

“ಹೋಗಲಿ, ನಿಮ್ಮನ್ನು ತಿನ್ನಬಹುದೇ?”

ರೂಢಿಯಂತೆ ಓತಿಕ್ಯಾತ ಗೋಣು ಆಡಿಸಿತು. ಈ ಒಂದು ಉತ್ತರದಲ್ಲಿ ಕಾಗೆಗೆ ಗೊಂದಲವೇನೂ ಕಾಣಲಿಲ್ಲ.

ಕಾಗೆ ಹಾರಿಹೋದ ಮೇಲೆ ಬಸವನಹುಳು ಹೊರಗೆ ಬಂದು, “ಈಗಲಾದರೂ ಹೇಳು, ನೀನು ಯಾರು?” ಎಂದು ಕೇಳಿತು.

“ಈಗಲೂ ಗೊತ್ತಿಲ್ಲ,” ಎಂದಿತು ಲೋಳೆಮುದ್ದೆ. “ಗೊತ್ತಿಲ್ಲ ಅಂದದ್ದಕ್ಕೇ ಇನ್ನೂ ಇಲ್ಲಿದ್ದೇನೆ ಅನ್ನುವಷ್ಟು ಗೊತ್ತಾಯಿತು.”