ಉಣ್ಣದವನ ಎಲೆ

"ಕೇಳ್ರಪ್ಪೋ ಕೇಳಿ! ಕಡಲಕೋಟೆಯ ರಾಣಿ ಪದ್ಮಲಾದೇವಿಯವರ ಅಪ್ಪಣೆ! ರಾಣಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಒಡೆದವರಿಗೆ ಕೇಳಿದ್ದನ್ನು ಕೊಡುತ್ತಾರೆ. ಒಂದು ತಪ್ಪಿದರೂ ಹುಟ್ಟಿಲ್ಲದ ದೋಣಿಯಲ್ಲಿ ಕೂರಿಸಿ ಕಡಲಿಗೆ ಬಿಡುತ್ತಾರೆ!"

ಡಂಗುರದವನು ಮೀನುಪೇಟೆ ದಾಟುವಾಗ ಬೀರ ಒಲೆ ಮುಂದೆ ಕೂತು ಮೀನೆಣ್ಣೆ ಕಾಯಿಸುತ್ತಿದ್ದ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅದೇ ಹುಟ್ಟಿಲ್ಲದ ದೋಣಿ ಮರುದಿನ ಅವನ ಅವ್ವನಿಗೂ ಕಾದಿತ್ತು.

ಪಾಪ, ಅವಳು ಮಾಡಿದ ತಪ್ಪಾದರೂ ಏನು? ಅರಸ ಹಡಗೇರಿ ದಂಡಿಗೆ ಹೋದವನು ತಿರುಗಿ ಬರಲಿಲ್ಲ. ಆ ಹಡಗಿನ ಚುಕ್ಕಾಣಿ ಹಿಡಿದಿದ್ದ ಬೀರನ ಅಪ್ಪ ದುಗ್ಗನೂ ಬರಲಿಲ್ಲ. ರಾಣಿ ದಿನಾ ಕೋಟೆಯ ಬುರುಜು ಹತ್ತಿ, ಬಿಸಿಲಲ್ಲಿ ನಿಂತು ಕಡಲು ನೋಡಿದಳು. ವರ್ಷಗಟ್ಟಲೆ ನೋಡಿದಳು. ಮುಖ ಕಪ್ಪಿಟ್ಟು ಕಲೆ ಎದ್ದಿತು, ಕಣ್ಣಿನ ಸುತ್ತ ಸುಕ್ಕು ಬಿತ್ತು. ಗಂಡ ಬಂದರೆ ತನ್ನ ಗುರುತು ಹಿಡಿಯುತ್ತಾನೋ ಇಲ್ಲವೋ ಎಂದು ಹೆದರಿ, ಬೀರನ ಅವ್ವ ಹೊನ್ನಿಯನ್ನು ಕರೆಸಿದಳು. ಮೀನೆಣ್ಣೆಯಲ್ಲಿ ಬೇರು ತೇಯ್ದು ಮುಲಾಮು ಮಾಡುವುದರಲ್ಲಿ ಹೊನ್ನಿಯದು ಎತ್ತಿದ ಕೈ.

"ಮಲಗುವಾಗ ಹೆಸರುಕಾಳಿನಷ್ಟೇ ತಗೊಂಡು ಹಣೆಯಿಂದ ಕುತ್ತಿಗೆವರೆಗೂ ಸವರಿ ತಾಯಿ. ಮೊದಲು ಕೆಂಪಾಗ್ತದೆ, ಸಿಪ್ಪೆ ಏಳ್ತದೆ, ಹೆದರಬೇಡಿ. ಹೊಸ ಚರ್ಮ ಬರೋವರೆಗೆ ಬಿಸಿಲಿಗೆ ಮಾತ್ರ ಮುಖ ಕೊಡಬೇಡಿ" ಎಂದು ಬಿಡಿಸಿ ಹೇಳಿಯೇ ಕೊಟ್ಟಿದ್ದಳು.

ರಾಣಿ ಮುಲಾಮನ್ನೂ ಹಚ್ಚಿದಳು, ಹಗಲು ಬುರುಜನ್ನೂ ಹತ್ತಿದಳು. ಒಂದು ದಿನ ತಪ್ಪಿಸಿ, ಅವತ್ತೇ ಹಡಗು ಬಂದುಬಿಟ್ಟರೆ? ಮುಖ ಬೆಂದುಹೋಯಿತು. "ನನಗೆ ವಿಷ ಸವರಿದಳು!" ಎಂದು ಕೂಗಿದಳು ರಾಣಿ. ಹೊನ್ನಿಯ ಕೈಗೆ ಕೋಳ ಬಿತ್ತು.

ಬೀರ ಸೌಟು ಬಿಸಾಕಿ ಅರಮನೆಗೆ ಓಡಿದ. ಮೀನೆಣ್ಣೆಯ ವಾಸನೆಗೆ ಆಸ್ಥಾನದವರೆಲ್ಲ ಮೂಗು ಮುಚ್ಚಿಕೊಂಡರು. ರಾಣಿ ಪರದೆಯ ಹಿಂದೆ ಕೂತಿದ್ದಳು. ಮೂಲೆಯಲ್ಲಿ ಕೋಳ ತೊಟ್ಟು ನಿಂತಿದ್ದ ಹೊನ್ನಿ, "ನೀನ್ಯಾಕೆ ಬಂದೆ ಮಗಾ!" ಎಂದಳು.

ಪರದೆಯ ಹಿಂದಿನಿಂದ ಮೊದಲ ಒಗಟು ಬಂತು: "ನನ್ನಲ್ಲಿಗೆ ಒಬ್ಬ ಕಳ್ಳ ಬಂದ. ಕಾವಲಿನವರ ಕಣ್ಣೆದುರೇ ಬಂದ, ಬಾಗಿಲು ಮುರಿಯಲಿಲ್ಲ. ನನ್ನ ಮುಖ ಕದ್ದ, ಬಳೆಯ ಕೆಳಗಿನ ಮೈ ಬಿಟ್ಟುಹೋದ. ಯಾರವನು?"

ಆಸ್ಥಾನದ ಪಂಡಿತ ಗಂಟಲು ಸರಿಮಾಡಿಕೊಂಡು, "ಮುಪ್ಪು, ಮಹಾರಾಣಿ" ಎಂದ.

"ಬಳೆಯ ಕೆಳಗಿನ ಮೈಗೆ ಮುಪ್ಪು ಬರುವುದಿಲ್ಲವೇನು?" ಎಂದಳು ರಾಣಿ. ಪಂಡಿತನನ್ನು ಎಳೆದೊಯ್ದರು.

ಊರಿನ ದೊಡ್ಡ ವರ್ತಕ ಎದ್ದು ಹೊನ್ನಿಯತ್ತ ಬೆರಳು ತೋರಿಸಿದ. "ಇವಳೇ ಕಳ್ಳಿ!"

"ಕಲೆ ಬಿದ್ದ ಮೇಲೆ ಇವಳು ಬಂದದ್ದು" ಎಂದಳು ರಾಣಿ. ಅವನೂ ಹೋದ. ದೋಣಿ ಮರಳಿನ ಮೇಲೆ ಉಜ್ಜಿಕೊಂಡು ನೀರಿಗಿಳಿದ ಸದ್ದು ಒಳಗೂ ಕೇಳಿಸಿತು. ಉಳಿದವರೆಲ್ಲ ಹಿಂದಕ್ಕೆ ಸರಿದರು.

"ಸೂರ್ಯ, ತಾಯಿ" ಎಂದ ಬೀರ. "ಬುರುಜಿನ ಮೇಲಿನ ಬಿಸಿಲು. ಬಳೆಯ ಕೆಳಗೆ ಅವನ ಕೈ ಹೋಗಲಿಲ್ಲ."

"ಹೌದು. ಕಳ್ಳ ಹೋದ ಮೇಲೆ ಇನ್ನೊಬ್ಬರು ಬಂದರು. ಉರಿಸಿದರು, ಸಿಪ್ಪೆ ಎಬ್ಬಿಸಿದರು. ಅವರು ನೆಂಟರೋ, ವೈರಿಯೋ?"

"ನೆಂಟರು."

ಸಭೆಯಲ್ಲಿ ಗುಜುಗುಜು ಎದ್ದಿತು. ಇವನಿಗೆ ತಲೆ ಕೆಟ್ಟಿದೆಯೇ?

"ಗದ್ದದ ಅಡಿಗೆ ಮುಟ್ಟಿ ನೋಡಿ ತಾಯಿ. ಅಲ್ಲಿಗೂ ಅದೇ ಮುಲಾಮು ಸವರಿದ್ದೀರಿ. ಅಲ್ಲಿ ಬಿಸಿಲು ಬೀಳೋದಿಲ್ಲ."

ಪರದೆಯ ಹಿಂದೆ ಬಳೆ ಸದ್ದಾಯಿತು. ಕೊನೆಗೆ, "ಮೆತ್ತಗಿದೆ" ಎಂದಳು ರಾಣಿ, ತನಗೇ ಹೇಳಿಕೊಂಡಂತೆ. ಆದರೂ ಹಟ ಬಿಡಲಿಲ್ಲ. "ಅಪ್ಪಣೆ ಹೊರಟಾಗಿದೆ. ಮೂರನೆಯದನ್ನೂ ಒಡೆದರೆ ಮಾತ್ರ ನಿನ್ನವ್ವ ನಿನಗೆ. ತಪ್ಪಿದರೆ ಇಬ್ಬರಿಗೂ ದೋಣಿ. ನನ್ನ ಮನೆಯಲ್ಲಿ ದಿನಾ ಒಂದು ಎಲೆ ಹಾಕಿ ಬಡಿಸ್ತೀನಿ. ಉಣ್ಣುವವನು ಬರೋದಿಲ್ಲ. ಎಲೆ ಎತ್ತೋಕೆ ನನಗೆ ಕೈ ಬರೋದಿಲ್ಲ. ಅವನು ಎಲ್ಲಿದ್ದಾನೆ?"

ಎಲ್ಲರೂ ತಲೆ ತಗ್ಗಿಸಿದರು. ಮಂತ್ರಿಗೂ ಗೊತ್ತಿತ್ತು, ಬಾಗಿಲು ಕಾಯುವವನಿಗೂ ಗೊತ್ತಿತ್ತು. ಹೇಳುವ ಎದೆ ಯಾರಿಗೂ ಇರಲಿಲ್ಲ.

ಬೀರನ ಮನೆಯಲ್ಲೂ ದಿನಾ ಮೂರು ಎಲೆ. ಅಪ್ಪನ ಎಲೆಗೆ ಬಿಸಿ ಅನ್ನ, ಮೀನುಸಾರು ಬಡಿಸಿ ಅವ್ವ ಬಾಗಿಲ ಕಡೆ ನೋಡುತ್ತ ಕೂರುತ್ತಿದ್ದಳು. ಆರಿ ತಣ್ಣಗಾದ ಮೇಲೆ ಅದನ್ನು ತಾನೇ ಉಣ್ಣುತ್ತಿದ್ದಳು. ಒಂದು ದಿನವೂ ಬೀರ ಆ ಮಾತೆತ್ತಿರಲಿಲ್ಲ.

ಈಗ ಅವ್ವನ ಮುಖ ನೋಡಿದ. ಹೊನ್ನಿ ತಲೆಯಾಡಿಸುತ್ತಿದ್ದಳು. "ಬೇಡ ಮಗಾ. ಹೇಳಬೇಡ. ನಾನು ದೋಣಿಯಲ್ಲಿ ಹೋಗ್ತೀನಿ."

ಅಯ್ಯೋ, ಹೆತ್ತವಳನ್ನು ಉಳಿಸಿಕೊಳ್ಳಲು ಅವಳ ಎದೆಗೇ ಕೈ ಹಾಕಬೇಕಾಯಿತಲ್ಲ! ಬೀರ ಕಣ್ಣು ಮುಚ್ಚಿಕೊಂಡ.

"ಅವರು ಇಲ್ಲ ತಾಯಿ. ನಿಮ್ಮ ಅರಸರೂ ಇಲ್ಲ, ನನ್ನ ಅಪ್ಪನೂ ಇಲ್ಲ. ಯಾವತ್ತೋ ತೀರಿಕೊಂಡರು. ಕಡಲ ತಳದಲ್ಲಿದ್ದಾರೆ."

ಮೊದಲು ಹೊನ್ನಿ ಚೀರಿದಳು. ಅವಳ ಬೆನ್ನಿಗೇ ಪರದೆಯ ಹಿಂದೆ ರಾಣಿ ಚೀರಿದಳು. ರಾಣಿಯ ದನಿ ಯಾವುದು, ಎಣ್ಣೆಯವಳ ದನಿ ಯಾವುದು, ಹೇಳುವಂತಿರಲಿಲ್ಲ. ಪರದೆ ಸರಿಸಿ ಈಚೆ ಬಂದ ರಾಣಿಯ ಸುಲಿದ ಕೆನ್ನೆಯ ಮೇಲೆ ಕಣ್ಣೀರು ಹರಿಯುತ್ತಿತ್ತು. ಉರಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ತನ್ನ ಕೈಯಾರೆ ಹೊನ್ನಿಯ ಕೋಳ ಬಿಚ್ಚಿದಳು.

"ಈ ಮಾತು ಕೇಳೋಕೆ ಊರೆಲ್ಲ ಡಂಗುರ ಹೊಡೆಸಬೇಕಾಯ್ತಲ್ಲೇ ಹೊನ್ನಿ. ನನ್ನ ಬಾಯಿಂದ ನನಗೇ ಹೇಳಿಕೊಳ್ಳೋಕೆ ಆಗಲಿಲ್ಲ" ಎಂದಳು. ಬೀರನ ಕಡೆ ತಿರುಗಿ, "ಏನು ಬೇಕೋ ಕೇಳಪ್ಪ" ಎಂದಳು.

"ಅವ್ವ ಸಿಕ್ಕಳು. ದೋಣಿಯಲ್ಲಿ ಬಿಟ್ಟ ಆ ಇಬ್ಬರನ್ನೂ ವಾಪಸು ಕರೆಸಿ ತಾಯಿ. ಇನ್ಯಾರ ಮನೆಯಲ್ಲೂ ಹಾಗೆ ಎಲೆ ಹಾಕೋದು ಬೇಡ."

ಬೆಸ್ತರು ಹುಟ್ಟು ಹಾಕಿಕೊಂಡು ಹೋಗಿ ಪಂಡಿತನನ್ನೂ ವರ್ತಕನನ್ನೂ ಎಳೆದು ತಂದರು. ರಾಣಿ ಬೀರನಿಗೆ ಒಂದು ಒಳ್ಳೆಯ ಹಡಗನ್ನೇ ಕೊಟ್ಟಳು. ಬುರುಜು ಹತ್ತುವುದನ್ನು ಬಿಟ್ಟಳು, ನೆರಳಲ್ಲಿ ಕೂತಳು, ಹೊನ್ನಿಯ ಮುಲಾಮು ಸವರಿದಳು. ಮಳೆಗಾಲ ಮುಗಿಯುವ ಹೊತ್ತಿಗೆ ಕಲೆ ತಿಳಿಯಾಗಿ ಮುಖ ಕಳೆಗಟ್ಟಿತು. ಹೊನ್ನಿ ಕನ್ನಡಿ ಹಿಡಿದಾಗ, "ಚೆನ್ನಾಗಿದೆ ಕಣೇ. ಯಾರಿಗೆ ತೋರಿಸಲಿ?" ಎಂದಳಂತೆ.

ಅದೆಲ್ಲ ಆಮೇಲಿನ ಮಾತು. ಅವತ್ತು ತಾಯಿ ಮಗ ಮನೆಗೆ ಬಂದರು. ಹೊನ್ನಿ ಅನ್ನಕ್ಕಿಟ್ಟಳು. ಕೈಗೆ ರೂಢಿಯಾಗಿತ್ತಲ್ಲ, ಮೂರು ಎಲೆ ಹಾಸಿದಳು. ಬೀರ ತಲೆ ಎತ್ತಲಿಲ್ಲ. ಸೌಟಿನಲ್ಲಿ ಅನ್ನ ತುಂಬಿಕೊಂಡು ದುಗ್ಗನ ಎಲೆಯ ಮುಂದೆ ಅವಳು ಸುಮ್ಮನೆ ನಿಂತಳು. ಆ ಅನ್ನವನ್ನು ಮಗನ ಎಲೆಗೆ ಬಡಿಸಿದಳು. ಆಮೇಲೆ ಬಗ್ಗಿ ಮೂರನೆಯ ಎಲೆಯನ್ನು ಎತ್ತಿ, ಮಡಚಿ, ಸೆರಗಿನೊಳಗೆ ಎದೆಗೊತ್ತಿಕೊಂಡಳು.

"ಬಿಸಿಯಾಗಿರುವಾಗಲೇ ಉಣ್ಣು ಮಗಾ" ಎಂದಳು.