ಮರಳಿನ ಚೀಲದ ಜಾಗ

ಹೆಲಿಕಾಪ್ಟರ್ ಕಾರ್ಖಾನೆಯ ತುಂಬ ಒಂದೇ ಗುಸುಗುಸು. ಹೊಸ ಹೆಲಿಕಾಪ್ಟರುಗಳನ್ನು ಹಾರಿಸಿ ಪರೀಕ್ಷೆ ಮಾಡುವ ಕಾಳಯ್ಯನವರು ಬೇರೆ ಕಂಪನಿ ಸೇರುತ್ತಾರಂತೆ.

ಮ್ಯಾನೇಜರ್ ವರದರಾಜ ಕ್ಯಾಂಟೀನಿನ ಹಳೇ ಮಾಣಿಯನ್ನು ಕರೆಸಿದ.

"ದಿನಾ ಕಾಳಯ್ಯನವರಿಗೆ ಟೀ ಕೊಡೋನು ನೀನು. ಹೋಗ್ತಾರೋ ಇಲ್ಲವೋ, ಸಂಜೆಯೊಳಗೆ ಬಾಯಿ ಬಿಡಿಸಿಕೊಂಡು ಬಾ. ಇಲ್ಲದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ನೀವೇ ಕೇಳಬಹುದಲ್ಲ ಸಾರ್?"

"ನಾನು ಕೇಳಿದ್ರೆ ನನ್ನ ಮರ್ಯಾದೆ ಏನಾಗಬೇಕು!"

ಕಾಳಯ್ಯನವರು ಮಾಣಿಯ ಮಗಳ ಮದುವೆಗೆ ಬಂದು, ನೆಲದ ಮೇಲೆ ಕೂತು ಉಂಡು ಹೋದವರು. ಅವರ ಗುಟ್ಟು ಕೆದಕಲು ಅವನಿಗೆ ಮನಸ್ಸಿಲ್ಲ. ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ.

ಸಂಜೆ ಮಾಣಿ ನಗುನಗುತ್ತ ವರದರಾಜನ ಕೋಣೆಗೆ ಬಂದ.

"ಎಲ್ಲ ಕುದುರಿಸಿದೀನಿ ಸಾರ್. ಮ್ಯಾನೇಜರಿಗೆ ನಿಮ್ಮ ಹತ್ರ ಗುಟ್ಟಾಗಿ ಮಾತಾಡಬೇಕಂತೆ ಅಂತ ಕಾಳಯ್ಯನವರಿಗೆ ಅಂದೆ. ನಾಳೆ ಹಾರುವಾಗ ಜೊತೆಗೆ ಬರಲಿ, ಮೇಲೆ ಕದ್ದು ಕೇಳೋರು ಯಾರೂ ಇರಲ್ಲ ಅಂದ್ರು."

"ನಾನಾ? ಹೆಲಿಕಾಪ್ಟರಿನಲ್ಲಾ?"

"ಹೂಂ ಸಾರ್. ಪರೀಕ್ಷೆ ಮಾಡುವಾಗ ಜನರ ಬದಲು ಮರಳಿನ ಚೀಲ ಇಡ್ತಾರಲ್ಲ, ನಿಮಗೋಸ್ಕರ ಕೆಲವು ಚೀಲ ಇಳಿಸ್ತಾರಂತೆ. ನಿಮ್ಮ ತೂಕ ಕೇಳಿದ್ರು."

"ನಾಳೆ... ಏನು ಪರೀಕ್ಷೆ?"

"ಇಂಜಿನ್ನಿನ ಬಲ ಇಲ್ಲದೆ ಕೆಳಗಿಳಿಸೋದಂತೆ ಸಾರ್."

ವರದರಾಜ ಹಣೆ ಒರೆಸಿಕೊಂಡ. ನೀರು ಕುಡಿದ. ಆಮೇಲೆ ಮೇಜು ಗುದ್ದಿದ.

"ಕಾಳಯ್ಯನವರು ಹೋಗ್ತಾರೆ ಅಂತ ಯಾವನಯ್ಯ ಹೇಳಿದ್ದು? ಗಾಳಿಮಾತು ನಂಬೋನಾ ನಾನು? ಇನ್ನು ಆ ಸುದ್ದಿ ಎತ್ತಬೇಡಿ ಅಂತ ಎಲ್ಲರಿಗೂ ಹೇಳು!"

"ಹೇಳ್ತೀನಿ ಸಾರ್. ಆದ್ರೆ ತೂಕ?"

"ಟೀ ತಗೊಂಡು ಬಾ ಹೋಗಯ್ಯ!"

ಮಾಣಿ ಟೀ ತಂದ. ಮರುದಿನವೂ ಅವನೇ ತಂದ.