ದಾಸವಾಳದ ಪರಾಗದ ಚಿತ್ರ

ಉಂಗುರದಂಥ ದೊಡ್ಡ ಯಂತ್ರದಲ್ಲಿ ಹುಟ್ಟಿದ ಕ್ಷ-ಕಿರಣಗಳು ಕುಣಿಯುತ್ತ ಸೀಸದ ಗೋಡೆಯವರೆಗೆ ಬಂದವು. ಗೋಡೆಯಾಚೆ, ಮೈತುಂಬ ಮುಳ್ಳಿರುವ ದಾಸವಾಳದ ಪರಾಗದ ಕಣವೊಂದು ತನ್ನ ಚಿತ್ರ ಬರೆಸಿಕೊಳ್ಳಲು ಕಾದಿತ್ತು.

"ಅಜ್ಜಾ, ಸ್ವಲ್ಪ ಅಗಲವಾಗು," ಎಂದು ಕಿರಣಗಳು ಗೋಡೆಯ ಕಿಂಡಿಗೆ ಹೇಳಿದವು. ಕಿಂಡಿ ಅಗಲವಾಯಿತು. ಎಲ್ಲವೂ ತಲೆಗೊಂದು ತಾಳ ಹಾಕುತ್ತ ನುಗ್ಗಿದವು. ಚಿತ್ರ ಬರೀ ಮಸುಕಾಯಿತು.

"ನನ್ನ ಮುಳ್ಳುಗಳೆಲ್ಲಿ? ಇನ್ನೊಮ್ಮೆ ಹೀಗೆ ಬಂದರೆ ನಾನು ಸುಟ್ಟೇ ಹೋಗುತ್ತೇನೆ," ಎಂದಿತು ಪರಾಗ.

ಕಿಂಡಿ ಕೂದಲೆಳೆಯಷ್ಟು ಕಿರಿದಾಯಿತು. "ಒಂದೇ ತಾಳಕ್ಕೆ ಹೆಜ್ಜೆ ಹಾಕುವವರು ಮಾತ್ರ ಬನ್ನಿ."

"ಹಾಗಾದರೆ ಎಷ್ಟು ಮಂದಿ ಹೋದಾರು, ಅಜ್ಜಾ?"

"ಸಾಕಾಗುವಷ್ಟು."

ಕೆಲವೇ ಕಿರಣಗಳು ಹೆಜ್ಜೆ ಕೂಡಿಸಿ ದಾಟಿದವು. ಚಿತ್ರದಲ್ಲಿ ಒಂದೊಂದು ಮುಳ್ಳೂ ಮೂಡಿತು. ಪರಾಗ ಹಿಗ್ಗಿ ಉರುಳಾಡಿತು.

ಗೋಡೆಗೆ ಬಡಿದು ಈಚೆಯೇ ಉಳಿದ ಕೋಟಿ ಕಿರಣಗಳು ಒಂದನ್ನೊಂದು ತಬ್ಬಿಕೊಂಡು ಹೇಳಿದವು: "ನೋಡಿ, ಹೋದವರೂ ಉಳಿದವರೂ ಸೇರಿ ಎಷ್ಟು ಚೆನ್ನಾಗಿ ಬರೆದೆವು."